ಗುಬ್ಬಿಗೆ ಡೊಮೆಸ್ಟಿಕಸ್, ನೊಣಕ್ಕೆ ಡೊಮೆಸ್ಟಿಕಾ!

1998ರ ಮಾತು. ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ನಾನು ವಿಜ್ಞಾನದ ಮೇಷ್ಟರಾಗಿ ಸೇರಿ ಮೂರು ವರ್ಷವಾಗಿತ್ತು. ಒಂಬತ್ತನೆಯ ತರಗತಿಗೆ ಕಿರುಪರೀಕ್ಷೆ ಕೊಟ್ಟಿದ್ದೆ. ‘ಗುಬ್ಬಚ್ಚಿಯ ವೈಜ್ಞಾನಿಕ ಹೆಸರೇನು?’ ಎಂಬುದು ಒಂದು ಅಂಕದ ಪ್ರಶ್ನೆ. ಗುಬ್ಬಿ ತಾಲ್ಲೂಕಿನ ಮಕ್ಕಳಿಗೆ ಗುಬ್ಬಿಯ ಹೆಸರೇ ಗೊತ್ತಿಲ್ಲದಿದ್ದರೆ ಹೇಗೆ ಎಂಬುದು ನನ್ನ ತಮಾಷೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ‘ಪ್ಯಾಸರ್ ಡೊಮೆಸ್ಟಿಕಾ’ ಎಂದು ಬರೆದಿದ್ದಳು. ಅದು ‘ಡೊಮೆಸ್ಟಿಕಸ್’ ಆಗಬೇಕು. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಅರ್ಧ ಅಂಕ ಕಳೆದೆ.

ಉತ್ತರ ಪತ್ರಿಕೆ ಹಂಚಿದ ದಿನ ಅವಳು ಎದ್ದು ನಿಂತಳು. “ಸಾರ್, ನೊಣಕ್ಕೆ ಮಸ್ಕಾ ಡೊಮೆಸ್ಟಿಕಾ ಅಂತ ನೀವೇ ಬರೆಸಿದ್ರಿ. ನೊಣಾನೂ ಮನೇಲಿರುತ್ತೆ, ಗುಬ್ಬೀನೂ ಮನೇಲಿರುತ್ತೆ. ನೊಣಕ್ಕೆ ‘ಕಾ’, ಗುಬ್ಬಿಗೆ ‘ಕಸ್’ ಯಾಕ್ ಸಾರ್?”

ಹಿಂದಿನ ಬೆಂಚಿನಿಂದ ಯಾರೋ, “ಗುಬ್ಬಿ ಕಸ ತಂದು ಗೂಡು ಕಟ್ತದಲ್ಲ, ಅದಕ್ಕೇ ಕಸ್” ಎಂದ. ತರಗತಿಯೆಲ್ಲ ಗೊಳ್ಳೆಂದಿತು. ನನಗೂ ನಗು ಬಂತು. ನಗು ನಿಂತ ಮೇಲೆ ಉತ್ತರ ಹೇಳಬೇಕಲ್ಲ? ಬಿ.ಎಸ್ಸಿ. ಓದಿದ್ದೆ, ಬಿ.ಎಡ್. ಮುಗಿಸಿದ್ದೆ, ನೂರಾರು ವೈಜ್ಞಾನಿಕ ಹೆಸರುಗಳನ್ನು ಉರು ಹೊಡೆದಿದ್ದೆ. ಆದರೆ ಈ ‘ಕಸ್’ ಮತ್ತು ‘ಕಾ’ ಯಾಕೆ ಬದಲಾಗುತ್ತವೆ ಎಂದು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. “ಅದು ಹಾಗೇನೆ, ಬಾಯಿಪಾಠ ಮಾಡು. ಮೊದಲು ಇಂಗ್ಲಿಷ್ ಸ್ಪೆಲಿಂಗ್ ಸರಿಯಾಗಿ ಕಲಿ” ಎಂದು ಗದರಿಸಿ ಕೂರಿಸಿದೆ.

ಒಂದೇ ಉಸಿರಿನಲ್ಲಿ ಎರಡು ತಪ್ಪು. ಅದು ‘ಹಾಗೇನೆ’ ಅಲ್ಲ, ಅದಕ್ಕೊಂದು ಸೊಗಸಾದ ನಿಯಮವಿದೆ. ಎರಡನೆಯದಾಗಿ, ಅದು ಇಂಗ್ಲಿಷೇ ಅಲ್ಲ.

ಆ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದಳು. ಆದರೂ ಪಿ.ಯು.ಸಿ.ಯಲ್ಲಿ ಕಲಾ ವಿಭಾಗಕ್ಕೆ ಹೋದಳು. ಅಂಥವರನ್ನು ಆಮೇಲೆ ಎಷ್ಟೋ ಜನರನ್ನು ನೋಡಿದ್ದೇನೆ. ಇಂದಿಗೂ ಜೂನ್ ತಿಂಗಳು ಬಂತೆಂದರೆ ತಂದೆ ತಾಯಂದಿರು ಬಂದು, “ನಮ್ ಹುಡುಗ ಕನ್ನಡ ಮೀಡಿಯಂ ಸಾರ್. ಲೆಕ್ಕ ಹೆಂಗೋ ಮಾಡ್ತಾನೆ, ಆ ಗಿಡ ಮರದ ಇಂಗ್ಲಿಷ್ ಹೆಸರು ಅವನ ನಾಲಗೆ ಮೇಲೆ ನಿಲ್ಲಲ್ಲ. ಬಯಾಲಜಿ ಬೇಡ ಅಂತಾನೆ” ಎನ್ನುತ್ತಾರೆ. ಅವರಿಗೆ ಹೇಳಬೇಕಾದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆ ಹೆಸರುಗಳು ಲ್ಯಾಟಿನ್ ಭಾಷೆಯ ರೂಪದಲ್ಲಿವೆ. ಬೆಂಗಳೂರಿನ ದೊಡ್ಡ ಕಾನ್ವೆಂಟಿನಲ್ಲಿ ಓದಿದ ಮಗುವಿಗೂ ಅವು ನಿಮ್ಮ ಮಗುವಿಗಿದ್ದಷ್ಟೇ ಹೊಸವು. ಇನ್ನೂ ನಿಜ ಹೇಳಬೇಕೆಂದರೆ, ಕನ್ನಡ ವ್ಯಾಕರಣದಲ್ಲಿ ಲಿಂಗ, ವಚನ, ವಿಭಕ್ತಿಗಳನ್ನು ಓದಿದ ಮಗು, ಅದರಲ್ಲೂ ಒಂದೆರಡು ವರ್ಷ ಸಂಸ್ಕೃತ ಓದಿದ ಮಗು, ಇಲ್ಲಿ ಒಂದು ಹೆಜ್ಜೆ ಮುಂದೆಯೇ ಇರುತ್ತದೆ.

ಪಂಡಿತರು ಬಿಡಿಸಿದ ಗಂಟು

ನನ್ನ ಕಣ್ಣು ತೆರೆಸಿದವರು ಜೀವಶಾಸ್ತ್ರದ ಪ್ರೊಫೆಸರರಲ್ಲ. ನಮ್ಮ ಶಾಲೆಯ ಸಂಸ್ಕೃತ ಪಂಡಿತರು. ಹುಡುಗಿಯ ಪ್ರಶ್ನೆ ತಲೆ ಕೊರೆಯುತ್ತಿದ್ದುದರಿಂದ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ ಅದನ್ನು ಅವರ ಮುಂದಿಟ್ಟೆ. ಅವರಿಗೆ ಲ್ಯಾಟಿನ್ ಗೊತ್ತಿರಲಿಲ್ಲ. ಆದರೆ ನಾನು ಬರೆದು ತೋರಿಸಿದ ನಾಲ್ಕಾರು ಹೆಸರುಗಳನ್ನು ನೋಡಿ, “ರೀ ಮೇಷ್ಟ್ರೆ, ಇದು ನಮ್ಮ ವಿಶೇಷಣ-ವಿಶೇಷ್ಯ ಕಣ್ರೀ!” ಎಂದರು.

ಸಂಸ್ಕೃತದಲ್ಲಿ ವಿಶೇಷ್ಯಕ್ಕೆ, ಅಂದರೆ ನಾಮಪದಕ್ಕೆ, ಯಾವ ಲಿಂಗವೋ ಯಾವ ವಚನವೋ ಯಾವ ವಿಭಕ್ತಿಯೋ, ಅದರ ವಿಶೇಷಣಕ್ಕೂ ಅದೇ ಲಿಂಗ, ಅದೇ ವಚನ, ಅದೇ ವಿಭಕ್ತಿ. ಬಿಳಿಯ ಕುದುರೆ ಎನ್ನಲು ‘ಶ್ವೇತಃ ಅಶ್ವಃ’. ಬಿಳಿಯ ಬಳ್ಳಿ ಎನ್ನಲು ‘ಶ್ವೇತಾ ಲತಾ’. ಬಿಳಿಯ ಹೂ ಎನ್ನಲು ‘ಶ್ವೇತಂ ಪುಷ್ಪಂ’. ಲ್ಯಾಟಿನ್ನಿನಲ್ಲೂ ಹೀಗೆಯೇ. ಅಲ್ಲಿ ಪುಲ್ಲಿಂಗಕ್ಕೆ ಸಾಮಾನ್ಯವಾಗಿ ‘ಅಸ್’, ಸ್ತ್ರೀಲಿಂಗಕ್ಕೆ ‘ಆ’, ನಪುಂಸಕಕ್ಕೆ ‘ಅಮ್’. ಹೊಸದು ಎಂಬ ಅರ್ಥದ ಪದವನ್ನೇ ತೆಗೆದುಕೊಳ್ಳಿ: ಸಂಸ್ಕೃತದಲ್ಲಿ ನವಃ, ನವಾ, ನವಂ, ಲ್ಯಾಟಿನ್ನಿನಲ್ಲಿ ನೋವಸ್, ನೋವಾ, ನೋವಮ್. ಇದು ಆಕಸ್ಮಿಕವಲ್ಲ. ಎರಡೂ ಒಂದೇ ಮೂಲ ಭಾಷೆಯ ಮಕ್ಕಳು. ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ಸರ್ ವಿಲಿಯಂ ಜೋನ್ಸ್ 1786ರಲ್ಲೇ ಈ ನೆಂಟಸ್ತನವನ್ನು ಎತ್ತಿ ತೋರಿಸಿದ್ದರು.

ಈಗ ಗುಬ್ಬಿಗೆ ಬನ್ನಿ. ಲ್ಯಾಟಿನ್ನಿನಲ್ಲಿ ‘ಪ್ಯಾಸರ್’ ಎಂದರೆ ಗುಬ್ಬಚ್ಚಿ. ಆ ಪದ ಪುಲ್ಲಿಂಗ. ‘ಮಸ್ಕಾ’ ಎಂದರೆ ನೊಣ. ಆ ಪದ ಸ್ತ್ರೀಲಿಂಗ. ‘ಮನೆಯ’ ಎಂಬ ಅರ್ಥದ ವಿಶೇಷಣ ಗುಬ್ಬಿಯ ಪಕ್ಕ ನಿಂತಾಗ ಡೊಮೆಸ್ಟಿಕಸ್ ಆಯಿತು, ನೊಣದ ಪಕ್ಕ ನಿಂತಾಗ ಡೊಮೆಸ್ಟಿಕಾ ಆಯಿತು. ಗುಬ್ಬಿ ಕಂಪನಿ ನಾಟಕದ ನಟರು ಪಾತ್ರ ಬದಲಾದಂತೆ ವೇಷ ಬದಲಾಯಿಸುತ್ತಿದ್ದರಲ್ಲ, ಹಾಗೆ. ಆಳು ಒಬ್ಬನೇ, ಉಡುಪು ಬೇರೆ.

‘ಹಾಗಾದರೆ ಹೆಣ್ಣು ಗುಬ್ಬಿಗೆ ಡೊಮೆಸ್ಟಿಕಾ ಅನ್ನಬೇಕಾ?’ ಎಂದು ಪ್ರತಿ ವರ್ಷವೂ ಒಬ್ಬರಾದರೂ ಕೇಳುತ್ತಾರೆ. ಬೇಡ. ಇಲ್ಲಿ ಲಿಂಗವೆಂಬುದು ಹಕ್ಕಿಗೆ ಸೇರಿದ್ದಲ್ಲ, ಪದಕ್ಕೆ ಸೇರಿದ್ದು. ಕನ್ನಡಿಗರಾದ ನಾವು ಎಡವುವುದು ಇಲ್ಲಿಯೇ. ನಮ್ಮಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕದ್ದೆಲ್ಲ ನಪುಂಸಕ. ಹೋರಿಯೂ ‘ಬಂತು’, ಹಸುವೂ ‘ಬಂತು’. ಸಂಸ್ಕೃತದಲ್ಲಿ ಹಾಗಲ್ಲ. ಹೆಂಡತಿ ಎಂಬ ಅರ್ಥಕ್ಕೇ ‘ಭಾರ್ಯಾ’ ಸ್ತ್ರೀಲಿಂಗ, ‘ದಾರಾಃ’ ಪುಲ್ಲಿಂಗ (ಅದೂ ಬಹುವಚನ!), ‘ಕಲತ್ರಂ’ ನಪುಂಸಕಲಿಂಗ. ಮನೆಯಲ್ಲಿರುವವಳು ಒಬ್ಬಳೇ.

ವಿಶೇಷಣ ಬದಲಾಗುವ ಕಾಟವೂ ಕನ್ನಡಕ್ಕಿಲ್ಲ. ಚಿಕ್ಕ ಹುಡುಗ, ಚಿಕ್ಕ ಹುಡುಗಿ, ಚಿಕ್ಕ ಕರು. ‘ಚಿಕ್ಕ’ ಕಲ್ಲಿನಂತೆ ಕದಲದೆ ಕೂತಿರುತ್ತದೆ. ಆದರೆ ನಾಮಪದವನ್ನು ತೆಗೆದು ನೋಡಿ: ಚಿಕ್ಕವನು, ಚಿಕ್ಕವಳು, ಚಿಕ್ಕದು. ಬಂತಲ್ಲ ಮೂರು ರೂಪ! ಲ್ಯಾಟಿನ್ ಭಾಷಿಕರು ನಾಮಪದ ಎದುರಿಗಿದ್ದರೂ ಈ ಬಾಲವನ್ನು ಬಿಡುವುದಿಲ್ಲ. ‘ಹುಡುಗ ಚಿಕ್ಕವನು, ಹುಡುಗಿ ಚಿಕ್ಕವಳು, ಕರು ಚಿಕ್ಕದು’ ಎಂಬ ಕ್ರಮದಲ್ಲೇ ಅವರ ಮಾತು. ವೈಜ್ಞಾನಿಕ ಹೆಸರುಗಳಲ್ಲೂ ಮೊದಲು ನಾಮಪದ, ಆಮೇಲೆ ವಿಶೇಷಣ. ‘ಗುಬ್ಬಿ, ಮನೆಯವನು’, ‘ನೊಣ, ಮನೆಯವಳು’ ಎಂದು ಓದಿಕೊಂಡರೆ ಮರೆಯುವ ಮಾತೇ ಇಲ್ಲ.

ವಿದ್ಯಾರ್ಥಿಗಳಿಗೆ ಒಂದು ಸಮಾಧಾನದ ಸಂಗತಿ. ಲ್ಯಾಟಿನ್ ವಿಶೇಷಣವನ್ನು ಪೂರ್ತಿ ಕಲಿಯಬೇಕೆಂದರೆ ಆರು ವಿಭಕ್ತಿ, ಎರಡು ವಚನ, ಮೂರು ಲಿಂಗ, ಒಟ್ಟು 36 ಮನೆಗಳ ಕೋಷ್ಟಕವಾಗುತ್ತದೆ. ಸಂಸ್ಕೃತದಲ್ಲಿ ಸಂಬೋಧನೆಯೂ ಸೇರಿ 72. ಆದರೆ ವೈಜ್ಞಾನಿಕ ಹೆಸರು ಯಾವಾಗಲೂ ಪ್ರಥಮಾ ವಿಭಕ್ತಿ ಏಕವಚನದಲ್ಲೇ ಇರುತ್ತದೆ. ಹಾಗಾಗಿ ನಿಮಗೆ ಬೇಕಾದದ್ದು ಮೂರೇ ಮನೆ.

ಕುಣಿಗಲ್ಲಿನ ಬಿಳುಪು, ಅಡುಗೆಮನೆಯ ಕಪ್ಪು

ಆ ಮೂರು ಮನೆಗಳನ್ನು ನೋಡಲು ಕುಣಿಗಲ್ ದೊಡ್ಡಕೆರೆಯ ಏರಿಗೆ ಹೋಗೋಣ. ನೀರಿನಂಚಿನಲ್ಲಿ ತಪಸ್ಸಿಗೆ ನಿಂತ ದೊಡ್ಡ ಬೆಳ್ಳಕ್ಕಿಯನ್ನು ಈಗ ‘ಆರ್ಡಿಯಾ ಆಲ್ಬಾ’ ಎನ್ನುತ್ತಾರೆ. ಆಲ್ಬಾ ಎಂದರೆ ಬಿಳಿ, ಆರ್ಡಿಯಾ ಸ್ತ್ರೀಲಿಂಗ. ಇದೇ ಹಕ್ಕಿಯನ್ನು ಹಿಂದೆ ಬೇರೆ ಕುಲಕ್ಕೆ ಸೇರಿಸಿದ್ದಾಗ ಅದರ ಹೆಸರು ‘ಕ್ಯಾಸ್ಮೆರೋಡಿಯಸ್ ಆಲ್ಬಸ್’. ಕುಲದ ಹೆಸರು ಪುಲ್ಲಿಂಗವಾದ್ದರಿಂದ ಬಿಳುಪೂ ಗಂಡಾಗಿತ್ತು. ಹಕ್ಕಿಯ ಒಂದು ಗರಿಯೂ ಬದಲಾಗಿಲ್ಲ ಎಂಬುದನ್ನು ಗಮನಿಸಿ. ಇನ್ನು ನಮ್ಮ ಶ್ರೀಗಂಧ ‘ಸ್ಯಾಂಟಲಮ್ ಆಲ್ಬಮ್’, ನಪುಂಸಕಲಿಂಗ. ಮದುವೆಯ ಫೋಟೋ ಆಲ್ಬಮ್ ಕೂಡ ಇದೇ ಪದ. ರೋಮನ್ನರು ಪ್ರಕಟಣೆ ಬರೆಯುತ್ತಿದ್ದ ಬಿಳಿಯ ಹಲಗೆಗೆ ‘ಆಲ್ಬಮ್’ ಎನ್ನುತ್ತಿದ್ದರು.

ಕಪ್ಪನ್ನು ನೋಡಲು ಕೆರೆಯವರೆಗೂ ಹೋಗಬೇಕಿಲ್ಲ, ಅಡುಗೆಮನೆ ಸಾಕು. ಕಾಳುಮೆಣಸು ‘ಪೈಪರ್ ನೈಗ್ರಮ್’, ನಪುಂಸಕ. ಕಪ್ಪು ಸಾಸಿವೆ ‘ಬ್ರಾಸಿಕಾ ನೈಗ್ರಾ’, ಸ್ತ್ರೀಲಿಂಗ. ಈರುಳ್ಳಿ ಸಿಪ್ಪೆಯ ಕೆಳಗೆ ಮಸಿಯಂತೆ ಮೆತ್ತಿಕೊಂಡಿರುವ ಬೂಷ್ಟು ‘ಆಸ್ಪರ್ಜಿಲಸ್ ನೈಜರ್’, ಪುಲ್ಲಿಂಗ. ಇಲ್ಲಿ ಪುಲ್ಲಿಂಗದ ಬಾಲ ‘ಅಸ್’ ಅಲ್ಲ, ‘ಅರ್’ ಎಂಬುದನ್ನು ನೋಡಿ. ಇಂಥವು ಕೆಲವಿವೆ. ಬೇಲಿ ಬದಿಯ ತುಂಬೆ ಗಿಡ ‘ಲ್ಯೂಕಾಸ್ ಆಸ್ಪೆರಾ’, ಅಂದರೆ ಒರಟಾದ ಮೈಯದು. ಅದರ ಪುಲ್ಲಿಂಗ ‘ಆಸ್ಪರ್’.

ನಾಮಪದದ ಬಾಲ ನೋಡಿ ಲಿಂಗ ಊಹಿಸಲು ಹೊರಟರೆ ಕೆಲವೊಮ್ಮೆ ಮೋಸ ಹೋಗುತ್ತೀರಿ. ಪ್ಯಾಸರ್ ಮತ್ತು ಪೈಪರ್ ಎರಡೂ ‘ಅರ್’ ಎಂದೇ ಮುಗಿಯುತ್ತವೆ. ಗುಬ್ಬಿ ಪುಲ್ಲಿಂಗ, ಮೆಣಸು ನಪುಂಸಕ. ಆಗ ವಿಶೇಷಣವೇ ದಾರಿ ತೋರಿಸಬೇಕು. ನೈಗ್ರಮ್ ಎಂದಿದೆಯಲ್ಲ, ಹಾಗಾದರೆ ಪೈಪರ್ ನಪುಂಸಕ ಎಂದು ಹಿಂದಿನಿಂದ ತಿಳಿಯಬೇಕು. ಸೊಸೆಯನ್ನು ನೋಡಿ ಅತ್ತೆಯನ್ನು ಅಳೆದಂತೆ.

ಹುಣಸೆ ಮಂಡಿಯಲ್ಲೊಂದು ಗೊಂದಲ

ಇಷ್ಟು ತಿಳಿದ ಮೇಲೆ ನನಗೆ ಬಹಳ ಧೈರ್ಯ ಬಂದಿತ್ತು. ಆದರೆ ಬೇಸಿಗೆಯಲ್ಲಿ ತುಮಕೂರಿನ ಎ.ಪಿ.ಎಂ.ಸಿ. ಯಾರ್ಡಿನ ಕಡೆ ಹೋದವನಿಗೆ ಹುಣಸೆಹಣ್ಣಿನ ರಾಶಿಯ ಮುಂದೆ ಆ ಧೈರ್ಯ ಇಳಿದುಹೋಯಿತು. ಹುಣಸೆಯ ಹೆಸರು ‘ಟ್ಯಾಮರಿಂಡಸ್ ಇಂಡಿಕಾ’. ಮೊದಲ ಪದದ ಬಾಲ ‘ಅಸ್’, ಎರಡನೆಯದರದು ‘ಆ’. ನಿಯಮದ ಪ್ರಕಾರ ‘ಇಂಡಿಕಸ್’ ಆಗಬೇಕಲ್ಲವೆ? ಅರಳಿಮರವೂ ಇದೇ ತಕರಾರು ತೆಗೆಯುತ್ತದೆ: ‘ಫೈಕಸ್ ರಿಲಿಜಿಯೋಸಾ’. ಅತ್ತಿ ‘ಫೈಕಸ್ ರೆಸಿಮೋಸಾ’. ಕುಣಿಗಲ್ ಕಡೆಯ ರೇಷ್ಮೆ ಬೆಳೆಗಾರರ ಹಿಪ್ಪುನೇರಳೆ ‘ಮೋರಸ್ ಆಲ್ಬಾ’. ಅಂಗಡಿಯ ಸೇಬು ‘ಮ್ಯಾಲಸ್ ಡೊಮೆಸ್ಟಿಕಾ’.

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ಲ್ಯಾಟಿನ್ ವ್ಯಾಕರಣದ ಒಂದು ಸಣ್ಣ ಪುಸ್ತಕದಲ್ಲಿ ಉತ್ತರ ಸಿಕ್ಕಿತು. ಲ್ಯಾಟಿನ್ನಿನಲ್ಲಿ ಮರಗಳ ಹೆಸರು, ಬಾಲ ‘ಅಸ್’ ಇದ್ದರೂ, ಸಾಮಾನ್ಯವಾಗಿ ಸ್ತ್ರೀಲಿಂಗ. ಸೇಬಿನ ಮರ ‘ಮ್ಯಾಲಸ್’ ಸ್ತ್ರೀಲಿಂಗ, ಅದರ ಹಣ್ಣು ‘ಮ್ಯಾಲಮ್’ ನಪುಂಸಕ. ಪಂಡಿತರಿಗೆ ಹೇಳಿದಾಗ ಅವರು ನಕ್ಕು, “ನಮ್ಮಲ್ಲಿ ಮಾವಿನ ಮರ ‘ಆಮ್ರಃ’ ಪುಲ್ಲಿಂಗ, ಹಣ್ಣು ‘ಆಮ್ರಂ’ ನಪುಂಸಕ. ಅವರಿಗೆ ಮರ ತಾಯಿ, ನಮಗೆ ತಂದೆ. ಹಣ್ಣಿನ ವಿಷಯದಲ್ಲಿ ಜಗಳವಿಲ್ಲ” ಎಂದರು.

ಹುಣಸೆಯ ವಿಶೇಷಣದಲ್ಲಿ ಇನ್ನೊಂದು ತಮಾಷೆಯೂ ಇದೆ. ‘ಟ್ಯಾಮರಿಂಡಸ್’ ಬಂದದ್ದು ಅರಬ್ಬೀ ಭಾಷೆಯ ‘ತಮರ್ ಹಿಂದೀ’ಯಿಂದ. ಅದರರ್ಥ ಭಾರತದ ಖರ್ಜೂರ. ಅದಕ್ಕೆ ಮತ್ತೆ ‘ಇಂಡಿಕಾ’, ಭಾರತದ್ದು, ಎಂಬ ವಿಶೇಷಣ. ಎರಡು ಸಲ ಭಾರತ! ಆದರೆ ಹುಣಸೆಯ ತವರು ಉಷ್ಣವಲಯದ ಆಫ್ರಿಕಾ. ಬಹಳ ಹಿಂದೆಯೇ ಇಲ್ಲಿಗೆ ಬಂದು ನಮ್ಮದಾಗಿಬಿಟ್ಟ ಮರವನ್ನು ಕಂಡ ಹೊರಗಿನವರು ಅದು ಇಲ್ಲಿಯದೇ ಎಂದುಕೊಂಡರು. ಹೆಸರಿಟ್ಟ ಮೇಲೆ, ಅರ್ಥ ತಪ್ಪು ಎಂಬ ಕಾರಣಕ್ಕೆ ಅದನ್ನು ಬದಲಿಸುವಂತಿಲ್ಲ. ಬಾಲವನ್ನು ತಿದ್ದಬಹುದು, ಅರ್ಥವನ್ನಲ್ಲ. ವಿಜ್ಞಾನದ ಹೆಸರೆಂದ ಮಾತ್ರಕ್ಕೆ ಅದು ಹೇಳುವುದೆಲ್ಲ ಪ್ರಮಾಣವಲ್ಲ ಎಂಬುದನ್ನು ತುಮಕೂರಿನ ಮಕ್ಕಳು ಸಾರಿನ ಹುಳಿಯಿಂದಲೇ ಕಲಿಯಬಹುದು. ಹುಚ್ಚೆಳ್ಳಿನ ಹೆಸರು ಮಾತ್ರ ಪ್ರಾಮಾಣಿಕವಾಗಿದೆ: ‘ಗೈಜೋಷಿಯಾ ಅಬಿಸಿನಿಕಾ’, ಇಥಿಯೋಪಿಯಾದ್ದು. ಎಳ್ಳು ‘ಸೆಸಮಮ್ ಇಂಡಿಕಮ್’, ನಪುಂಸಕ.

ಮರವೆಲ್ಲ ಹೆಣ್ಣು ಎಂದು ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಹಲಸು ಬಂದು ಗಲಾಟೆ ಮಾಡುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಹಲಸಿನ ಹೆಸರು ‘ಆರ್ಟೊಕಾರ್ಪಸ್ ಹೆಟೆರೊಫಿಲಸ್’. ಎರಡೂ ‘ಅಸ್’, ಎರಡೂ ಪುಲ್ಲಿಂಗ. ಕಾರಣವಿಷ್ಟೆ: ಆರ್ಟೊಕಾರ್ಪಸ್ ಎಂಬುದು ರೋಮನ್ನರ ಮರದ ಹೆಸರಲ್ಲ. ಗ್ರೀಕ್ ಭಾಷೆಯ ಎರಡು ಪದಗಳನ್ನು, ‘ಆರ್ಟೊಸ್’ ಅಂದರೆ ರೊಟ್ಟಿ ಮತ್ತು ‘ಕಾರ್ಪೊಸ್’ ಅಂದರೆ ಹಣ್ಣು, ಸೇರಿಸಿ ಕಟ್ಟಿದ ಹೆಸರು. ‘ಕಾರ್ಪೊಸ್’ ಪುಲ್ಲಿಂಗ. ಆದ್ದರಿಂದ ‘ಕಾರ್ಪಸ್’ ಎಂದು ಕೊನೆಯಾಗುವ ಕುಲಗಳೆಲ್ಲ ಪುಲ್ಲಿಂಗ ಎಂದು ನಿಯಮ. ರಕ್ತಚಂದನ ‘ಟೆರೋಕಾರ್ಪಸ್ ಸ್ಯಾಂಟಲೈನಸ್’ ಆದದ್ದೂ ಹೀಗೆಯೇ. ನಮ್ಮ ಹಳೆಯ ಪುಸ್ತಕಗಳಲ್ಲಿ ಹಲಸಿಗೆ ‘ಆರ್ಟೊಕಾರ್ಪಸ್ ಇಂಟೆಗ್ರಿಫೋಲಿಯಾ’ ಎಂದಿರುವುದನ್ನು ಕಾಣಬಹುದು. ಆಗ ಅದನ್ನೂ ಹೆಣ್ಣುಮರದ ಸಾಲಿಗೆ ಸೇರಿಸಿದ್ದರು.

ಈ ಎರಡು ವಿಶೇಷಣಗಳ ಅರ್ಥ ನೋಡಿದರೆ ಇನ್ನೂ ಮಜಾ. ಇಂಟೆಗ್ರಿಫೋಲಿಯಾ ಎಂದರೆ ಸೀಳಿಲ್ಲದ ಇಡಿಯ ಎಲೆಯದು. ಹೆಟೆರೊಫಿಲಸ್ ಎಂದರೆ ಬೇರೆ ಬೇರೆ ಬಗೆಯ ಎಲೆಗಳವನು. ಹಲಸಿನ ಎಲೆ ಇಡಿಯದೇ ಅಲ್ಲವೆ, ನಾವೆಲ್ಲ ಅದರಲ್ಲಿ ಕಡುಬು ಬೇಯಿಸಲು ಕೊಟ್ಟೆ ಕಟ್ಟಿಲ್ಲವೆ ಎಂದು ಕೇಳಬಹುದು. ಒಂದು ಕೆಲಸ ಮಾಡಿ. ಬೀಜದಿಂದ ಎದ್ದ ಹಲಸಿನ ಸಸಿಯ ಎಲೆ ನೋಡಿ. ಅದರಲ್ಲಿ ಸೀಳಿರುವ, ಹಾಲೆಗಳಂತೆ ಒಡೆದ ಎಲೆಗಳು ಸಿಗುತ್ತವೆ. ಮರ ಬಲಿತಂತೆ ಎಲೆ ಇಡಿಯಾಗುತ್ತದೆ. ಹಲಸಿನ ಮರದ ಕೆಳಗೇ ಆಡಿ ಬೆಳೆದ ನಾನು ಇದನ್ನು ನೋಡಿದ್ದು ಆ ವಿಶೇಷಣದ ಅರ್ಥ ತಿಳಿದ ಮೇಲೆ!

ಚೇಳೂರಿನ ರೈತರೊಬ್ಬರ ತೋಟದಲ್ಲಿ ಗುರುತಿಸಲಾದ ತಾಮ್ರಗೆಂಪು ತೊಳೆಯ ಹಲಸು ‘ಸಿದ್ದು’ ಎಂಬ ಹೆಸರಿನಲ್ಲಿ ಈಗ ಪ್ರಸಿದ್ಧ. ‘ಸಿದ್ದು’ವಿಗೆ ‘ಅಸ್’ ಬಾಲ ಅಂಟಿಸಬೇಕೆ? ಬೇಡ. ಬೆಳೆಸಿದ ತಳಿಗಳ ಹೆಸರಿಗೆ ಬೇರೆ ನಿಯಮ. 1959ರಿಂದೀಚೆಗೆ ಹೊಸ ತಳಿಗಳಿಗೆ ಲ್ಯಾಟಿನ್ ರೂಪದ ಹೆಸರು ಇಡುವಂತೆಯೇ ಇಲ್ಲ. ಸಿದ್ದು ಸಿದ್ದುವಾಗಿಯೇ ಇರಬಹುದು.

ಬಾಲ ಬೇರೆಯಾದ ಇನ್ನೊಂದು ಬಳಗ

ಎಲ್ಲ ವಿಶೇಷಣಗಳೂ ಅಸ್-ಆ-ಅಮ್ ಬಳಗದವಲ್ಲ. ಇನ್ನೊಂದು ಬಳಗದಲ್ಲಿ ಗಂಡು ಹೆಣ್ಣಿಗೆ ಒಂದೇ ಬಾಲ ‘ಇಸ್’, ನಪುಂಸಕಕ್ಕೆ ‘ಎ’. ನೆಲ್ಲಿಗೆ ‘ಎಂಬ್ಲಿಕಾ ಅಫಿಸಿನಾಲಿಸ್’ ಎಂಬ ಹೆಸರನ್ನು ಚ್ಯವನಪ್ರಾಶದ ಡಬ್ಬಿಯ ಮೇಲೆ ನೋಡಿರುತ್ತೀರಿ. ಶುಂಠಿ ‘ಜಿಂಜಿಬರ್ ಅಫಿಸಿನಾಲೆ’. ವಿಶೇಷಣ ಒಂದೇ, ಔಷಧಿ ಉಗ್ರಾಣದಲ್ಲಿ ಇಡುವಂಥದ್ದು ಎಂದರ್ಥ. ಶುಂಠಿ ನಪುಂಸಕವಾದ್ದರಿಂದ ಬಾಲ ಬದಲಾಯಿತು. ಊರ ಹೆಸರಿನಿಂದ ಬಂದ ವಿಶೇಷಣಗಳೂ ಹೀಗೆಯೇ. ಆಲ ‘ಫೈಕಸ್ ಬೆಂಗಾಲೆನ್ಸಿಸ್’, ಬಂಗಾಳದ್ದು. ನಮ್ಮ ಮೈಸೂರೂ ಲ್ಯಾಟಿನ್ ವಿಶೇಷಣವಾಗಿದೆ: ಕೆಂಪು ಹಳದಿ ಹೂಗಳನ್ನು ಮಾಲೆಯಂತೆ ಇಳಿಬಿಡುವ ಬಳ್ಳಿ ‘ಥನ್‌ಬರ್ಜಿಯಾ ಮೈಸೂರೆನ್ಸಿಸ್’, ಒಂದು ಸೀತಾಳೆ ಗಿಡ ‘ಬಲ್ಬೊಫಿಲಮ್ ಮೈಸೂರೆನ್ಸೆ’.

ಮೂರೂ ಲಿಂಗಕ್ಕೆ ಒಂದೇ ರೂಪವಿರುವ ಜಾಣ ವಿಶೇಷಣಗಳೂ ಇವೆ. ‘ಹೋಮೋ ಸೇಪಿಯನ್ಸ್’ನ ಸೇಪಿಯನ್ಸ್ ಅಂಥದ್ದು. ವಿವೇಕಿ ಎಂದರ್ಥ. ಹೆಸರಿಟ್ಟವರು ನಾವೇ ಆದ್ದರಿಂದ ಅದರ ಬಗ್ಗೆ ಹೆಚ್ಚು ಮಾತು ಬೇಡ.

ಎಲ್ಲಕ್ಕಿಂತ ಹೆಚ್ಚು ಎನ್ನುವುದಕ್ಕೆ ಕನ್ನಡದಲ್ಲಿ ‘ಅತಿ’, ‘ಎಲ್ಲಕ್ಕಿಂತ’ ಎನ್ನುತ್ತೇವೆ. ಸಂಸ್ಕೃತ ‘ತಮ’ ಸೇರಿಸುತ್ತದೆ, ‘ಪ್ರಿಯತಮ’ದಂತೆ. ಲ್ಯಾಟಿನ್ ‘ಇಸಿಮಸ್’ ಸೇರಿಸುತ್ತದೆ. ಬೇಲದ ಹಣ್ಣಿನ ಹೆಸರು ‘ಲಿಮೋನಿಯಾ ಆಸಿಡಿಸಿಮಾ’, ಅತಿ ಹುಳಿಯಾದದ್ದು. ರಾಮನವಮಿಗೆ ಬೆಲ್ಲ ಹಾಕಿ ಬೇಲದ ಪಾನಕ ಮಾಡುವ ನಮಗೆ ಈ ವಿಶೇಷಣದ ಮೇಲೆ ತಕರಾರೇನೂ ಇರಲಾರದು. ಆನೆ ‘ಎಲಿಫಾಸ್ ಮ್ಯಾಕ್ಸಿಮಸ್’, ಅತಿ ದೊಡ್ಡವನು.

ಎರಡನೆಯ ಪದ ಯಾವಾಗಲೂ ವಿಶೇಷಣವೇ ಆಗಿರಬೇಕೆಂದಿಲ್ಲ, ಪರೀಕ್ಷೆಯಲ್ಲಿ ಇಲ್ಲಿ ಎಚ್ಚರ ಬೇಕು. ಕುಣಿಗಲ್ಲಿನ ಕುದುರೆ ಫಾರಂ ಹೆಸರುವಾಸಿ. ಕುದುರೆ ‘ಈಕ್ವಸ್ ಕ್ಯಾಬಲಸ್’. ಇಲ್ಲಿ ಎರಡನೆಯದೂ ಕುದುರೆ ಎಂಬರ್ಥದ ನಾಮಪದವೇ. ಅದು ತನ್ನ ಬಾಲವನ್ನು ಯಾರಿಗಾಗಿಯೂ ಬದಲಿಸುವುದಿಲ್ಲ. ಕುಣಿಗಲ್ ಸೀಮೆಯ ರೇಷ್ಮೆ ಹುಳು ‘ಬಾಂಬಿಕ್ಸ್ ಮೋರಿ’. ಮೋರಿ ಎಂದರೆ ನಮ್ಮ ಬೀದಿಯ ಮೋರಿಯಲ್ಲ! ಹಿಪ್ಪುನೇರಳೆ ‘ಮೋರಸ್’ ಎಂಬುದರ ಷಷ್ಠೀ ವಿಭಕ್ತಿ, ಹಿಪ್ಪುನೇರಳೆಯ ಹುಳು ಎಂದರ್ಥ. ಮನುಷ್ಯರ ಹೆಸರಿನಿಂದ ವಿಶೇಷಣ ಮಾಡುವುದೂ ಉಂಟು. ತುಮಕೂರಿನ ಹತ್ತಿರದ ನಾಗವಲ್ಲಿಯಲ್ಲಿ ರಾತ್ರಿ ಹೊತ್ತು ಕಣ್ಣರಳಿಸಿ ಕೂರುವ ಕಾಡುಪಾಪವನ್ನು ಹಿಂದೆ ‘ಲೋರಿಸ್ ಟಾರ್ಡಿಗ್ರೇಡಸ್’, ನಿಧಾನ ಹೆಜ್ಜೆಯವನು, ಎನ್ನುತ್ತಿದ್ದರು. ಈಗ ಆ ಹೆಸರನ್ನು ಶ್ರೀಲಂಕೆಯ ಬಗೆಗೆ ಉಳಿಸಿ, ನಮ್ಮದನ್ನು ಲೈಡೆಕ್ಕರ್ ಎಂಬ ಪ್ರಾಣಿಶಾಸ್ತ್ರಜ್ಞರ ನೆನಪಿನಲ್ಲಿ ‘ಲೋರಿಸ್ ಲೈಡೆಕ್ಕೇರಿಯಾನಸ್’ ಎನ್ನುತ್ತಾರೆ. ಹಳೆಯ ಹೆಸರೇ ಚೆನ್ನಾಗಿತ್ತು ಎಂಬುದು ನನ್ನ ಅಭಿಪ್ರಾಯ. ಯಾರೂ ಕೇಳಿಲ್ಲ.

ಪ್ರಥಮ ಪಿ.ಯು.ಸಿ. ಜೀವಶಾಸ್ತ್ರದ ಮೊದಲನೆಯ ಅಧ್ಯಾಯವನ್ನೇ ತೆರೆದು ನೋಡಿ. ಆಲೂಗಡ್ಡೆ ‘ಸೋಲಾನಮ್ ಟ್ಯೂಬರೋಸಮ್’, ಗೋಧಿ ‘ಟ್ರಿಟಿಕಮ್ ಈಸ್ಟಿವಮ್’, ಮಾವು ‘ಮ್ಯಾಂಗಿಫೆರಾ ಇಂಡಿಕಾ’, ನೊಣ, ಮನುಷ್ಯ, ಸಿಂಹ ‘ಪ್ಯಾಂಥೆರಾ ಲಿಯೋ’. ಗೆಡ್ಡೆಯುಳ್ಳದ್ದು, ಬೇಸಿಗೆಯದು, ಭಾರತದವಳು, ಮನೆಯವಳು, ವಿವೇಕಿ. ಕೊನೆಯ ‘ಲಿಯೋ’ ಮಾತ್ರ ಸಿಂಹವೆಂಬ ನಾಮಪದ. ಹೀಗೆ ಓದಿದರೆ ಉರು ಹೊಡೆಯುವ ಕೆಲಸ ಮುಕ್ಕಾಲು ಪಾಲು ತಪ್ಪುತ್ತದೆ. ಮೊದಲ ಪದದ ಮೊದಲ ಅಕ್ಷರ ದೊಡ್ಡದು, ಎರಡನೆಯದರದು ಚಿಕ್ಕದು. ಕೈಯಲ್ಲಿ ಬರೆಯುವಾಗ ಎರಡಕ್ಕೂ ಬೇರೆ ಬೇರೆ ಅಡಿಗೆರೆ. ಇದನ್ನು ಮರೆತು ಅಂಕ ಕಳೆದುಕೊಳ್ಳುವವರು ಈಗಲೂ ಬಹಳ.

ಲ್ಯಾಟಿನ್ ನಮ್ಮ ನಾಡಿಗೆ ಬಂದದ್ದು ಇಂದು ನಿನ್ನೆಯಲ್ಲ. 1861ರಲ್ಲೇ ಬೆಂಗಳೂರಿನಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಲ್ಯಾಟಿನ್-ಕನ್ನಡ ನಿಘಂಟನ್ನು ಅಚ್ಚು ಹಾಕಿಸಿದ್ದರು. ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ 1976ರಲ್ಲಿ, ಕರ್ನಾಟಕದ ಸಸ್ಯಗಳ ಬಗ್ಗೆ 1984ರಿಂದ ದೊಡ್ಡ ಗ್ರಂಥಗಳನ್ನು ಹೊರತಂದ ಸೆಸಿಲ್ ಸಲ್ಡಾನ್ಹಾ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿದ್ದ ಪಾದ್ರಿ. ಹೊಸ ಗಿಡವನ್ನು ಕಂಡುಹಿಡಿದವರು ಅದರ ವಿವರಣೆಯನ್ನು ಲ್ಯಾಟಿನ್ನಿನಲ್ಲೇ ಕೊಡಬೇಕೆಂಬ ನಿಯಮ 1935ರಿಂದ 2011ರ ಕೊನೆಯವರೆಗೂ ಇತ್ತು. ಆಗ ಸಸ್ಯಶಾಸ್ತ್ರಜ್ಞರಿಗೆ 36 ಮನೆಗಳ ಕೋಷ್ಟಕವೂ ಬೇಕಾಗುತ್ತಿತ್ತು. 2012ರ ಜನವರಿಯಿಂದ ವಿವರಣೆ ಇಂಗ್ಲಿಷಿನಲ್ಲಿದ್ದರೂ ಸಾಕು. ಹೆಸರು ಮಾತ್ರ ಇಂದಿಗೂ ಲ್ಯಾಟಿನ್ ರೂಪದಲ್ಲೇ ಇರಬೇಕು, ವಿಶೇಷಣ ಕುಲನಾಮದ ಲಿಂಗವನ್ನು ಅನುಸರಿಸಲೇಬೇಕು. ಗಿಡಗಳಿಗೂ ಪ್ರಾಣಿಗಳಿಗೂ ಬೇರೆ ಬೇರೆ ನಾಮಕರಣ ಸಂಹಿತೆಗಳಿದ್ದರೂ ಈ ಮಾತಿನಲ್ಲಿ ಎರಡೂ ಒಂದೇ.

ಅರ್ಧ ಅಂಕದ ಲೆಕ್ಕ

ಜೀವಿಯೊಂದನ್ನು ವಿಜ್ಞಾನಿಗಳು ಒಂದು ಕುಲದಿಂದ ತೆಗೆದು ಇನ್ನೊಂದಕ್ಕೆ ಸೇರಿಸಿದಾಗ ವಿಶೇಷಣ ಹಳೆಯದೇ ಉಳಿಯುತ್ತದೆ, ಬಾಲ ಮಾತ್ರ ಹೊಸ ಮನೆಗೆ ಹೊಂದಿಕೊಳ್ಳಬೇಕು. ನೇರಳೆ ‘ಯುಜೀನಿಯಾ ಜಾಂಬೊಲಾನಾ’ ಆಗಿದ್ದದ್ದು ಸಿಜಿಜಿಯಮ್ ಎಂಬ ನಪುಂಸಕ ಕುಲಕ್ಕೆ ಹೋದಾಗ ‘ಸಿಜಿಜಿಯಮ್ ಜಾಂಬೊಲಾನಮ್’ ಆಯಿತು. ಈಗ ಒಪ್ಪಿತವಾದ ಹೆಸರು ಸಿಜಿಜಿಯಮ್ ಕ್ಯುಮಿನಿ. ಆದರೂ ಹೋಮಿಯೋಪಥಿ ಅಂಗಡಿಯಲ್ಲಿ ಆ ಹಳೆಯ ಹೆಸರಿನ ಬಾಟಲಿ ಇನ್ನೂ ಸಿಗುತ್ತದೆ. ನಾವು ಪಾಠದಲ್ಲಿ ಓದಿದ ಕಪ್ಪೆ ‘ರಾನಾ ಟೈಗ್ರಿನಾ’ ಈಗ ‘ಹಾಪ್ಲೊಬಟ್ರಾಕಸ್ ಟೈಗೆರಿನಸ್’.

ಈ ಜಾಡನ್ನೇ ಹಿಡಿದು ಒಮ್ಮೆ ಗುಬ್ಬಿಯ ಹಳೆಯ ಹೆಸರು ಹುಡುಕಿದೆ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡೆರಡು ಪದದ ಹೆಸರಿಡುವಾಗ ಗುಬ್ಬಚ್ಚಿಗೆ ಇಟ್ಟ ಹೆಸರನ್ನು ನೋಡಿ ಒಂದು ಕ್ಷಣ ಸುಮ್ಮನೆ ಕುಳಿತೆ. ‘ಫ್ರಿಂಜಿಲ್ಲಾ ಡೊಮೆಸ್ಟಿಕಾ’! ಫ್ರಿಂಜಿಲ್ಲಾ ಸ್ತ್ರೀಲಿಂಗ. ಆಮೇಲೆ ಹಕ್ಕಿಯನ್ನು ಪ್ಯಾಸರ್ ಕುಲಕ್ಕೆ ಸೇರಿಸಿದಾಗ ‘ಕಾ’ ಹೋಗಿ ‘ಕಸ್’ ಬಂತು. ನಾನು ಕೆಂಪು ಗೆರೆ ಎಳೆದ ಪದವನ್ನೇ ಲಿನೇಯಸ್ ಬರೆದಿದ್ದರು.

ಹೋದ ವರ್ಷ ಗುಬ್ಬಿ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಹೆಂಗಸೊಬ್ಬರು ಹತ್ತಿರ ಬಂದು, “ನಮಸ್ಕಾರ ಸಾರ್, ಗುರುತು ಸಿಕ್ತಾ?” ಎಂದರು. ಅದೇ ಹುಡುಗಿ. ಜೊತೆಯಲ್ಲಿ ಮಗಳು, ತುಮಕೂರಿನಲ್ಲಿ ಪ್ರಥಮ ಪಿ.ಯು.ಸಿ. ವಿಜ್ಞಾನ. ನಾನು ಮೊದಲು ಹೇಳಿದ್ದೇ ಗುಬ್ಬಿಯ ವಿಷಯ. ಫ್ರಿಂಜಿಲ್ಲಾದಿಂದ ಹಿಡಿದು ಎಲ್ಲವನ್ನೂ ಒದರಿದೆ. ಅವಳು ಕೇಳಿಸಿಕೊಂಡು, “ಅಂದ್ರೆ ನಾನು ಬರೆದಿದ್ದು ಅರ್ಧ ಸರಿ, ಅಲ್ವಾ ಸಾರ್?” ಎಂದಳು.

“ಅರ್ಧ ಸರಿಯಮ್ಮ. ಪ್ಯಾಸರ್ ಅಂತ ಬರೆದ ಮೇಲೆ ‘ಕಸ್’ ಅನ್ನಲೇಬೇಕಿತ್ತು.”

“ನೀವು ಕೊಟ್ಟಿದ್ದೂ ಅರ್ಧ ಅಂಕಾನೇ. ಲೆಕ್ಕ ಸರಿಹೋಯ್ತು ಬಿಡಿ” ಎಂದು ನಕ್ಕಳು. ಮಗಳು ನಗಲಿಲ್ಲ. ಏನೋ ಯೋಚಿಸುತ್ತಿದ್ದವಳು, “ನೊಣಾನೂ ಹಂಗೇ ಕುಲ ಬದಲಾಯಿಸಿದೆಯಾ ಸಾರ್?” ಎಂದು ಕೇಳಿದಳು.

ಇಲ್ಲ, ಲಿನೇಯಸ್ ಇಟ್ಟ ಮಸ್ಕಾ ಡೊಮೆಸ್ಟಿಕಾ 1758ರಿಂದ ಹಾಗೇ ಇದೆ ಎಂದು ಹೇಳುವಷ್ಟರಲ್ಲಿ ತುಮಕೂರು ಬಸ್ಸು ಬಂತು.